ಮಾಲು ಲಾರಿ ಹತ್ತಿದ ಮೇಲೆ

ಸರಕು ಸಾಗಣೆ ಕಂಪನಿಯು ಲಾರಿಯ ಓಟವನ್ನು ಮಾರುತ್ತದೆ ಎಂದು ಮೇಲ್ನೋಟಕ್ಕೆ ತೋರಿದರೂ, ವ್ಯಾಪಾರಿಯು ಬಾಡಿಗೆ ತೆತ್ತು ಪಡೆಯುವುದು ಒಂದು ಭರವಸೆಯನ್ನು. ತನ್ನ ಕೈಬಿಟ್ಟ ಮಾಲು ತನ್ನ ಕಣ್ಣಿಗೆ ಬೀಳದ ದಾರಿಯಲ್ಲಿ, ತನಗೆ ಪರಿಚಯವಿಲ್ಲದವರ ವಶದಲ್ಲಿ ಇದ್ದುಕೊಂಡು, ಹೇಳಿದ ಊರಿಗೆ ಹೇಳಿದ ಸ್ಥಿತಿಯಲ್ಲಿ ಮುಟ್ಟುತ್ತದೆ ಎಂಬ ಭರವಸೆ ಅದು. ಯಶವಂತಪುರದಲ್ಲಿ ಲೋಡ್ ಆದ ಸರಕು ಮಂಗಳೂರಿನ ಬೈಕಂಪಾಡಿಯಲ್ಲಿ ಇಳಿಯುವವರೆಗೆ ಮಾರಿದವನ ಕೈಯಲ್ಲೂ ಇರುವುದಿಲ್ಲ, ಕೊಂಡವನ ಕೈಯಲ್ಲೂ ಇರುವುದಿಲ್ಲ. ಆ ನಡುವಿನ ಒಂದೆರಡು ದಿನಗಳಲ್ಲಿ ಮಳೆ, ಬೆಂಕಿ, ಕಳವು, ಅಪಘಾತ, ಬಂದ್, ಕಾಗದಪತ್ರದಲ್ಲಿನ ಒಂದು ತಪ್ಪು, ಇವುಗಳಲ್ಲಿ ಯಾವುದರಿಂದಾದರೂ ನಷ್ಟ ಸಂಭವಿಸಬಹುದು. ಸಾಗಣೆ ಉದ್ಯಮದ ಅಪಾಯಗಳನ್ನು ಕುರಿತ ಬರಹಗಳು ಸಾಮಾನ್ಯವಾಗಿ ಇಂಥ ಪಟ್ಟಿಯಲ್ಲೇ ನಿಂತುಬಿಡುತ್ತವೆ. ಆದರೆ ಉದ್ಯಮವನ್ನು ಅರ್ಥಮಾಡಿಕೊಳ್ಳಬೇಕಾದರೆ, ನಷ್ಟವು ಯಾವುದರಿಂದ ಬಂತು ಎಂಬುದರ ಜೊತೆಗೆ ಅದು ಕೈಯಿಂದ ಕೈಗೆ ದಾಟುತ್ತ ಕೊನೆಗೆ ಯಾರ ಬಳಿ ಉಳಿಯಿತು ಎಂಬುದನ್ನೂ ನೋಡಬೇಕಾಗುತ್ತದೆ. ಹಾಗೆ ನೋಡಿದಾಗ, ದೊಡ್ಡ ಕಂಪನಿಯ ಕರಾರುಪತ್ರದಲ್ಲಿ ಹುಟ್ಟುವ ಅಪಾಯವು ಬಹಳ ಸಲ ಒಂದೆರಡು ಲಾರಿಗಳ ಒಡೆಯನ ಮತ್ತು ಅವನ ಚಾಲಕನ ತಲೆಯ ಮೇಲೆ ಬಂದು ಕೂರುತ್ತದೆ.

ಕಾನೂನು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎದುರಿಸಿದೆ. 1785ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಬಂದ ಫಾರ್ವರ್ಡ್ ಮತ್ತು ಪಿಟ್ಟಾರ್ಡ್ ಎಂಬವರ ನಡುವಿನ ವ್ಯಾಜ್ಯದಲ್ಲಿ, ಬಿಯರ್ ತಯಾರಿಕೆಗೆ ಬೇಕಾಗುವ ಹಾಪ್ಸ್ ಎಂಬ ಹೂವಿನ ಮೂಟೆಗಳು ಸಾಗಣೆದಾರನ ವಶದಲ್ಲಿದ್ದಾಗ, ಬೇರೆಡೆ ಹೊತ್ತಿಕೊಂಡು ಹಬ್ಬಿದ ಬೆಂಕಿಗೆ ಆಹುತಿಯಾಗಿದ್ದವು. ಸಾಗಣೆದಾರನ ಕಡೆಯಿಂದ ಯಾವ ಅಜಾಗರೂಕತೆಯೂ ಆಗಿರಲಿಲ್ಲ. ಆದರೂ ಮುಖ್ಯ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಅವನನ್ನೇ ಹೊಣೆಗಾರನೆಂದು ತೀರ್ಮಾನಿಸಿದರು. ಸಿಡಿಲು, ಬಿರುಗಾಳಿಗಳಂತೆ ಮನುಷ್ಯನ ಕೈವಾಡವಿಲ್ಲದೆ ಸಂಭವಿಸುವ ದೈವಕೃತ್ಯ ಅಥವಾ ರಾಜನ ಶತ್ರುಗಳ ಕೃತ್ಯ, ಇವೆರಡನ್ನು ಬಿಟ್ಟು ಉಳಿದ ಎಲ್ಲ ನಷ್ಟಕ್ಕೂ ಸಾಗಣೆದಾರನು ವಿಮೆಗಾರನಂತೆಯೇ ಬಾಧ್ಯನೆಂಬುದು ಆ ತೀರ್ಪಿನ ಸಾರ. ಇಷ್ಟು ಕಠಿಣವಾದ ನಿಯಮಕ್ಕೆ ಒಂದು ಲೋಕಾನುಭವದ ಕಾರಣವಿತ್ತು. ದಾರಿಯಲ್ಲಿ ಏನು ನಡೆಯಿತೆಂಬುದು ಸಾಗಣೆದಾರನೊಬ್ಬನಿಗೇ ಗೊತ್ತಿರುವುದರಿಂದ, ಅವನು ಕಳ್ಳರೊಡನೆ ಶಾಮೀಲಾಗಿ ದರೋಡೆಯ ಕಥೆ ಕಟ್ಟಿದರೆ ಸರಕಿನ ಒಡೆಯನು ಅದನ್ನು ಸುಳ್ಳೆಂದು ರುಜುವಾತುಪಡಿಸುವುದು ಅಸಾಧ್ಯವಾಗುತ್ತಿತ್ತು.

ಈ ತತ್ತ್ವವೇ 1865ರ ಸಾಗಣೆದಾರರ ಕಾಯ್ದೆಯ ಜೊತೆಗೆ ಭಾರತದಲ್ಲಿ ನೆಲೆಯೂರಿತು. ಅದರ ಜಾಗದಲ್ಲಿ ಬಂದ 2007ರ ರಸ್ತೆ ಸಾಗಣೆ ಕಾಯ್ದೆಯು 2011ರ ಮಾರ್ಚ್ 1ರಿಂದ ಜಾರಿಯಲ್ಲಿದ್ದು, ಬಾಡಿಗೆ ಪಡೆದು ಭೇದವಿಲ್ಲದೆ ಎಲ್ಲರ ಸರಕನ್ನೂ ಸಾಗಿಸುವವರನ್ನು, ಅಂದರೆ ಸಾರ್ವಜನಿಕ ಸಾಗಣೆದಾರರನ್ನು, ನೋಂದಣಿಗೆ ಒಳಪಡಿಸಿತು. ಸರಕು ಕಳೆದುಹೋದಾಗ ಸಾಗಣೆದಾರನು ತಪ್ಪು ಮಾಡಿದನೆಂದು ಒಡೆಯನು ರುಜುವಾತುಪಡಿಸಬೇಕಾಗಿಲ್ಲ ಎಂಬ ಹಳೆಯ ನಿಯಮವನ್ನು ಈ ಕಾಯ್ದೆಯೂ ಉಳಿಸಿಕೊಂಡಿದೆ. ದೈವಕೃತ್ಯ, ಯುದ್ಧ, ಗಲಭೆ, ಸರ್ಕಾರದ ನಿರ್ಬಂಧ ಮೊದಲಾದ ಕೆಲವು ವಿನಾಯಿತಿಗಳಿವೆಯಾದರೂ, ಸರಿಯಾದ ಎಚ್ಚರಿಕೆ ವಹಿಸಿದ್ದರೆ ನಷ್ಟವನ್ನು ತಪ್ಪಿಸಬಹುದಾಗಿತ್ತು ಎಂದಾದರೆ ಆ ವಿನಾಯಿತಿಗಳೂ ರಕ್ಷಣೆಗೆ ಬರುವುದಿಲ್ಲ. ಸಾಗಣೆ ಕಂಪನಿಯೊಂದರ ಗೋದಾಮಿನಲ್ಲಿ ಬೆಂಕಿಗೆ ಸಿಕ್ಕಿ ಸುಟ್ಟುಹೋದ ಜನರೇಟರುಗಳ ಪ್ರಕರಣದಲ್ಲಿ, 2000ನೇ ಇಸವಿಯಲ್ಲಿ, ಸುಪ್ರೀಂ ಕೋರ್ಟ್ ಕೂಡ ಸಾರ್ವಜನಿಕ ಸಾಗಣೆದಾರನ ಬಾಧ್ಯತೆಯು ವಿಮೆಗಾರನ ಬಾಧ್ಯತೆಗೆ ಸಮಾನವೆಂದು ಎತ್ತಿಹಿಡಿಯಿತು.

ಕಾಯ್ದೆಯ ಈ ಗಂಭೀರ ಮಾತುಗಳು ಟ್ರಾನ್ಸ್‌ಪೋರ್ಟ್ ಆಫೀಸಿನ ಮೇಜಿನ ಮೇಲೆ ಒಂದು ತೆಳುಕಾಗದದ ರೂಪ ತಾಳುತ್ತವೆ. ಲಾರಿ ಹೊರಡುವಾಗ ಬರೆಯುವ ಈ ರಸೀದಿಗೆ ಎಲ್.ಆರ್. ಎಂದೂ ಬಿಲ್ಟಿ ಎಂದೂ ಹೆಸರು. ಕಳಿಸುವವರ ಹೆಸರು, ಪಡೆಯುವವರ ಹೆಸರು, ನಗಗಳ ಸಂಖ್ಯೆ, ತೂಕ, ಲಾರಿ ನಂಬರು, ಬಾಡಿಗೆ, ಸರಕಿನ ಮೌಲ್ಯ ಇವೆಲ್ಲಕ್ಕೂ ಅದರಲ್ಲಿ ಅಂಕಣಗಳಿರುತ್ತವೆ; ಮೇಲ್ಭಾಗದಲ್ಲೋ ಮೂಲೆಯಲ್ಲೋ ‘ಮಾಲೀಕರ ಜವಾಬ್ದಾರಿಯ ಮೇಲೆ’ ಎಂಬರ್ಥದ ಮೊಹರು ಬಿದ್ದಿರುತ್ತದೆ. ಈ ಮೊಹರಿನಿಂದ ತನ್ನ ಹೊಣೆ ತೀರಿತೆಂದು ಕಂಪನಿಯ ಗುಮಾಸ್ತನೂ, ತನ್ನ ಹಕ್ಕು ಹೋಯಿತೆಂದು ವ್ಯಾಪಾರಿಯೂ ಭಾವಿಸುವುದುಂಟು, ಆದರೆ ಶಾಸನವು ಹೊರಿಸಿರುವ ಬಾಧ್ಯತೆಯು ಒಂದು ಮೊಹರಿನಿಂದ ಅಳಿಸಿಹೋಗುವಷ್ಟು ಹಗುರವಾದುದಲ್ಲ. ನಿಜವಾದ ಮಿತಿ ಬೇರೆಡೆ ಇದೆ. 2011ರ ನಿಯಮಗಳ ಪ್ರಕಾರ, ಸರಕಿನ ಹೆಚ್ಚಿನ ಮೌಲ್ಯವನ್ನು ಮೊದಲೇ ಘೋಷಿಸಿ ಅದಕ್ಕೆ ತಕ್ಕ ಹೆಚ್ಚಿನ ದರ ಕೊಟ್ಟಿರದಿದ್ದರೆ, ಸಾಗಣೆದಾರನ ಹೊಣೆಯು ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತವಾಗುತ್ತದೆ. ಬಾಡಿಗೆ 30,000 ರೂಪಾಯಿ ಎಂದಿಟ್ಟುಕೊಂಡರೆ, 20 ಲಕ್ಷ ರೂಪಾಯಿಯ ಮಾಲು ನಾಶವಾದಾಗಲೂ ವ್ಯಾಪಾರಿಗೆ ಸಿಗಬಹುದಾದದ್ದು 3 ಲಕ್ಷ. ಸರಕು ಬುಕ್ ಆದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸು ಕೊಡದಿದ್ದರೆ ದಾವೆ ಹೂಡುವ ದಾರಿಯೂ ಮುಚ್ಚಿಹೋಗುತ್ತದೆ. ಮೌಲ್ಯದ ಅಂಕಣವನ್ನು ಖಾಲಿ ಬಿಡುವ ಅಭ್ಯಾಸವು ಪೇಟೆಯಲ್ಲಿ ಎಷ್ಟು ಸಹಜವಾಗಿದೆಯೆಂದರೆ, ಆ ಒಂದು ಖಾಲಿ ಜಾಗದ ಬೆಲೆ ಗೊತ್ತಾಗುವುದು ಲಾರಿ ಪಲ್ಟಿಯಾದ ಮೇಲೆಯೇ.

ವ್ಯಾಪಾರಿಯು ಸರಕಿಗೆ ಸಾಗಣೆ ವಿಮೆ ಮಾಡಿಸಿದ್ದರೆ ಸಾಗಣೆ ಕಂಪನಿಗೆ ಚಿಂತೆಯಿಲ್ಲ ಎಂಬ ಇನ್ನೊಂದು ನಂಬಿಕೆಯೂ ವ್ಯಾಪಕವಾಗಿದೆ. ಆದರೆ ವಿಮಾ ಕಂಪನಿಯು ವ್ಯಾಪಾರಿಗೆ ಪರಿಹಾರ ಕೊಟ್ಟ ಬಳಿಕ, ವ್ಯಾಪಾರಿಗಿದ್ದ ಹಕ್ಕುಗಳೆಲ್ಲ ವಿಮಾ ಕಂಪನಿಗೆ ವರ್ಗವಾಗುತ್ತವೆ; ಕೊಟ್ಟ ಹಣವನ್ನು ವಸೂಲು ಮಾಡಲು ಅದು ವ್ಯಾಪಾರಿಯ ಸ್ಥಾನದಲ್ಲಿ ನಿಂತು ಸಾಗಣೆದಾರನ ಮೇಲೆಯೇ ದಾವೆ ಹೂಡುತ್ತದೆ. ಹೀಗೆ ಒಬ್ಬರ ಜಾಗದಲ್ಲಿ ಇನ್ನೊಬ್ಬರು ನಿಂತು ಹಕ್ಕು ಚಲಾಯಿಸುವ ಈ ಪದ್ಧತಿಯ ಅರಿವಿಲ್ಲದ ಸಣ್ಣ ಟ್ರಾನ್ಸ್‌ಪೋರ್ಟ್ ಕಂಪನಿಗಳು, ವ್ಯಾಪಾರಿಯೊಡನೆ ವಿಷಯ ಇತ್ಯರ್ಥವಾಯಿತೆಂದು ನಿರಾಳವಾಗಿದ್ದಾಗ ವಕೀಲರ ನೋಟಿಸು ಪಡೆಯುತ್ತವೆ. ಇಂಥ ಹೊಣೆಗೆಂದೇ ಸಾಗಣೆದಾರನು ಪ್ರತ್ಯೇಕ ವಿಮೆ ಮಾಡಿಸಿಕೊಳ್ಳಲು ಅವಕಾಶವಿದೆ, ಆದರೆ ಲಾರಿಯ ಕಡ್ಡಾಯ ವಿಮೆಯ ಕಂತನ್ನೇ ಹೊಂದಿಸಲು ಒದ್ದಾಡುವವರು ಅದರ ಗೋಜಿಗೆ ಹೋಗುವುದು ಅಪರೂಪ.

ನಷ್ಟವು ಹೀಗೆ ಕೆಳಕ್ಕೆ ಜಾರಲು ಉದ್ಯಮದ ರಚನೆಯೂ ಅನುಕೂಲವಾಗಿಯೇ ಇದೆ. ದಾಸ್ತಾನು, ಪ್ಯಾಕಿಂಗ್, ಸಾಗಣೆ, ಕಾಗದಪತ್ರ, ವಿತರಣೆ ಇವೆಲ್ಲವನ್ನೂ ಒಟ್ಟಾಗಿ ನಿರ್ವಹಿಸುವ ವ್ಯವಸ್ಥೆಗೆ ಲಾಜಿಸ್ಟಿಕ್ಸ್ ಎನ್ನುತ್ತಾರೆ. ಈ ಹೆಸರಿನ ಅನೇಕ ದೊಡ್ಡ ಕಂಪನಿಗಳು ಸ್ವಂತ ಲಾರಿಗಳನ್ನು ಹೆಚ್ಚಾಗಿ ಇಟ್ಟುಕೊಳ್ಳುವುದಿಲ್ಲ. ಕಾರ್ಖಾನೆಯಿಂದ ವಾರ್ಷಿಕ ಗುತ್ತಿಗೆ ಹಿಡಿದ ಕಂಪನಿಯು ಟ್ರಾನ್ಸ್‌ಪೋರ್ಟ್ ಏಜೆಂಟನಿಗೆ, ಏಜೆಂಟನು ಬ್ರೋಕರನಿಗೆ, ಬ್ರೋಕರನು ಲಾರಿ ಮಾಲೀಕನಿಗೆ ಲೋಡು ದಾಟಿಸುತ್ತಾರೆ. ಪ್ರತಿ ಮೆಟ್ಟಿಲಿನಲ್ಲೂ ಬಾಡಿಗೆಯಿಂದ ಒಂದಿಷ್ಟು ಕಮಿಷನ್ ಮುರಿದುಕೊಳ್ಳಲಾಗುತ್ತದೆ, ಆದರೆ ತಡವಾದರೆ ದಂಡ, ಮಾಲು ಕಡಿಮೆ ಬಿದ್ದರೆ ಮುರಿತ ಎಂಬ ಷರತ್ತುಗಳು ಮಾತ್ರ ಮುರಿಯದೆ ಕೆಳಗಿಳಿಯುತ್ತವೆ. ಹಣ ಬರುವ ಗತಿ ಇದಕ್ಕೆ ತದ್ವಿರುದ್ಧ. ಲಾರಿ ಹೊರಡುವ ಮುನ್ನ ಡೀಸೆಲ್‌ಗೆ, ದಾರಿಯಲ್ಲಿ ಟೋಲ್‌ಗೆ, ಇಳಿಸುವಲ್ಲಿ ಹಮಾಲಿಗೆ ನಗದು ಬೇಕು, ತಿಂಗಳ ಕೊನೆಗೆ ಸಾಲದ ಕಂತು ಕಟ್ಟಲೇಬೇಕು. ಬಾಡಿಗೆಯ ಬಾಕಿ ಮಾತ್ರ, ಸರಕು ಮುಟ್ಟಿದ ರಸೀದಿ ಮೇಲಿನ ಆಫೀಸಿಗೆ ತಲುಪಿ, ಬಿಲ್ಲು ಪಾಸಾಗಿ, ತಿಂಗಳುಗಳ ಬಳಿಕ ಕೈಸೇರುತ್ತದೆ. ಸಣ್ಣ ಉದ್ದಿಮೆಗಳಿಗೆ 45 ದಿನಗಳೊಳಗೆ ಹಣ ಪಾವತಿಸಬೇಕೆಂದು 2006ರ ಕಾಯ್ದೆಯೊಂದು ಹೇಳುತ್ತದೆಯಾದರೂ, ಮುಂದಿನ ಲೋಡು ಕೈತಪ್ಪುವ ಭಯವಿರುವವನು ಆ ಕಾಯ್ದೆಯ ಬಾಗಿಲು ಬಡಿಯುವುದು ಕಷ್ಟ. ಲಾಭವಿದ್ದೂ ಕೈಯಲ್ಲಿ ಕಾಸಿಲ್ಲದೆ ಮುಚ್ಚಿಹೋಗುವುದು ಈ ಉದ್ಯಮದ ಅತಿ ಸಾಮಾನ್ಯವಾದ ಸಾವು.

ಓಡಾಟದ ಖರ್ಚಿನಲ್ಲಿ ದೊಡ್ಡ ಪಾಲು ಡೀಸೆಲ್‌ನದು. 2025ರ ಏಪ್ರಿಲ್ 1ರಂದು ಕರ್ನಾಟಕವು ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇಕಡ 21.17ಕ್ಕೆ ಏರಿಸಿದಾಗ ಲೀಟರಿಗೆ ಸುಮಾರು 2 ರೂಪಾಯಿ ಹೆಚ್ಚಿತು. ಲಾರಿ ಮಾಲೀಕರ ಸಂಘಟನೆಗಳು ಏಪ್ರಿಲ್ 14ರ ಮಧ್ಯರಾತ್ರಿಯಿಂದ ಮುಷ್ಕರ ಹೂಡಿದವು. ಎರಡು ರೂಪಾಯಿಗೆ ರಾಜ್ಯದ ಲಾರಿಗಳೆಲ್ಲ ನಿಲ್ಲಬೇಕೆ ಎಂದು ಆಗ ಕೇಳಿದವರಿದ್ದರು. ದರ ಏರಿದರೆ ಬಾಡಿಗೆಯೂ ಏರುತ್ತದೆ ಎಂಬ ಷರತ್ತು ದೊಡ್ಡ ಕಂಪನಿಯ ಗುತ್ತಿಗೆಯಲ್ಲಿ ಇರಬಹುದು, ಆದರೆ ಬ್ರೋಕರನ ಬಾಯಿಮಾತಿನ ಮೇಲೆ ಲೋಡು ಎತ್ತುವ ಮಾಲೀಕನಿಗೆ ಅಂಥ ಷರತ್ತಿಲ್ಲ; ಮರಳುವಾಗ ಲೋಡು ಸಿಗದೆ ಖಾಲಿ ಗಾಡಿ ತರಬೇಕಾದರಂತೂ ಅವನಿಗೆ ಎರಡು ರೂಪಾಯಿಯ ಲೆಕ್ಕ ಎರಡೂ ಕಡೆ ಬೀಳುತ್ತದೆ.

ಸರ್ಕಾರದ ಅಥವಾ ನ್ಯಾಯಾಲಯದ ಒಂದು ಆದೇಶವು ಇಡೀ ಜಿಲ್ಲೆಯ ಸಾಗಣೆಯನ್ನು ನೆಲಕಚ್ಚಿಸಿದ ಉದಾಹರಣೆ ಕರ್ನಾಟಕದಲ್ಲೇ ಇದೆ. ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಗಗನಕ್ಕೇರಿದ ವರ್ಷಗಳಲ್ಲಿ, ಬಳ್ಳಾರಿ, ಹೊಸಪೇಟೆ, ಸಂಡೂರುಗಳಿಂದ ಬಂದರುಗಳಿಗೆ ಅದಿರು ಹೊರಲು ರೈತರು, ಅಂಗಡಿಯವರು, ನೌಕರಿಯಲ್ಲಿದ್ದವರು ಸಹ ಸಾಲ ಮಾಡಿ ಲಾರಿ ಕೊಂಡರು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ನಿಷೇಧಿಸಿತು. 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೂ, ಮುಂದಿನ ತಿಂಗಳು ಚಿತ್ರದುರ್ಗ ಮತ್ತು ತುಮಕೂರುಗಳ ಗಣಿಗಾರಿಕೆಯನ್ನೂ ತಡೆಹಿಡಿಯಿತು. ನೆಲವನ್ನೂ ಕಾಡನ್ನೂ ಬಗೆದು ನಡೆಯುತ್ತಿದ್ದ ಅಕ್ರಮಕ್ಕೆ ಆ ಕ್ರಮ ಅಗತ್ಯವಾಗಿತ್ತೆಂಬುದರಲ್ಲಿ ಸಂಶಯವಿಲ್ಲ. ಅದರ ಹೊಡೆತ ಮಾತ್ರ ಗಣಿಯ ಒಡೆಯರಿಗಿಂತ ಮೊದಲು ಲಾರಿಯ ಸಾಲಗಾರರಿಗೆ ತಟ್ಟಿತು. ಒಂದೇ ಸರಕನ್ನು, ಒಂದೇ ದಾರಿಯನ್ನು ನಂಬಿ ಕೊಂಡಿದ್ದ ಗಾಡಿಗಳು ಸಾಲುಸಾಲಾಗಿ ನಿಂತವು, ಕಂತು ಕಟ್ಟಲಾಗದೆ ಫೈನಾನ್ಸ್ ಕಂಪನಿಗಳ ವಶವಾದವು, ಎಲ್ಲರೂ ಒಟ್ಟಿಗೆ ಮಾರಲು ಹೊರಟದ್ದರಿಂದ ಹಳೆಯ ಲಾರಿಗೆ ಬೆಲೆಯೂ ಸಿಗಲಿಲ್ಲ. ಒಂದೇ ಗಿರಾಕಿಯ ಮೇಲೆ ಅವಲಂಬಿತವಾಗುವುದು ಅಪಾಯವೆಂದು ನಿರ್ವಹಣಾ ಶಾಸ್ತ್ರದ ಪುಸ್ತಕಗಳು ಹೇಳುವುದರ ಅರ್ಥವನ್ನು ಆ ಸೀಮೆ ಬಹಳ ದೊಡ್ಡ ಬೆಲೆ ತೆತ್ತು ಕಲಿಯಿತು.

ಕರ್ನಾಟಕದ ಸಾಗಣೆಗೆ ವಿಶಿಷ್ಟವಾದ ಇನ್ನೊಂದು ಅಪಾಯವು ಭೂಗೋಳದಲ್ಲಿದೆ. ಬೆಂಗಳೂರಿನ ಕೈಗಾರಿಕೆಗಳಿಗೂ ಪಣಂಬೂರಿನ ನವ ಮಂಗಳೂರು ಬಂದರಿಗೂ ನಡುವೆ ಪಶ್ಚಿಮ ಘಟ್ಟ ಅಡ್ಡ ನಿಂತಿದೆ, ಭಾರಿ ವಾಹನಗಳಿಗೆ ಇರುವ ಮುಖ್ಯ ದಾರಿ ರಾಷ್ಟ್ರೀಯ ಹೆದ್ದಾರಿ 75ರ ಶಿರಾಡಿ ಘಾಟಿ. 2018ರಲ್ಲಿ ಕಾಂಕ್ರೀಟು ಹಾಕುವ ಕೆಲಸಕ್ಕಾಗಿ ಜನವರಿಯಿಂದ ಜುಲೈವರೆಗೆ ಮುಚ್ಚಿದ್ದ ಆ ರಸ್ತೆ ತೆರೆದು ಒಂದೇ ತಿಂಗಳಲ್ಲಿ, ಆಗಸ್ಟ್‌ನ ಭೂಕುಸಿತಗಳಿಂದ ಮತ್ತೆ ಮುಚ್ಚಿತು. ಆಗುಂಬೆಯ ತಿರುವುಗಳು ಭಾರಿ ಲಾರಿಗೆ ಒಗ್ಗುವುದಿಲ್ಲ, ಚಾರ್ಮಾಡಿಯಲ್ಲಿ ನಿರ್ಬಂಧಗಳಿವೆ, ಸಂಪಾಜೆಯ ದಾರಿಯೂ ಅದೇ ಮಳೆಯಲ್ಲಿ ಜರ್ಜರಿತವಾಗಿತ್ತು. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಿಲ್ದಾಣಗಳ ನಡುವಿನ, ಐವತ್ತು ಅಡಿಗೆ ಒಂದು ಅಡಿಯಂತೆ ಇಳಿಯುವ 55 ಕಿಲೋಮೀಟರ್ ರೈಲು ಮಾರ್ಗವೂ ಇದೇ ಬೆಟ್ಟಗಳ ಮೇಲಿದೆ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿಯ ಬಳಿ ಹಳಿಯ ಕೆಳಗಿನ ಮಣ್ಣು ಜರಿದು ಸಂಚಾರ ನಿಂತಿತ್ತು.

ಘಾಟಿ ಮುಚ್ಚಿದಾಗ ಲಾರಿಯೊಂದಿಗೆ ಕಾಗದವೂ ಸಿಕ್ಕಿಹಾಕಿಕೊಳ್ಳುತ್ತದೆ. 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್, ಅಂದರೆ ಜಿಎಸ್‌ಟಿ ವ್ಯವಸ್ಥೆಯ ವಿದ್ಯುನ್ಮಾನ ಸಾಗಣೆ ಪತ್ರ, ಬೇಕಾಗುತ್ತದೆ. ಅದರ ಆಯುಸ್ಸು 200 ಕಿಲೋಮೀಟರಿಗೆ ಒಂದು ದಿನ. 2021ರ ಜನವರಿಗೆ ಮುಂಚೆ ಇದ್ದ 100 ಕಿಲೋಮೀಟರಿನ ಲೆಕ್ಕವನ್ನು ಬಿಗಿಗೊಳಿಸಿ ಹೀಗೆ ಮಾಡಲಾಯಿತು. ಆ ಪ್ರಕಾರ ಸುಮಾರು 350 ಕಿಲೋಮೀಟರಿನ ಬೆಂಗಳೂರು–ಮಂಗಳೂರು ದಾರಿಗೆ ಸಿಗುವುದು ಎರಡು ದಿನ. ಘಾಟಿಯ ಮಾರನಹಳ್ಳಿಯ ಬಳಿ ಗುಡ್ಡ ಜರಿದು ಮೂರು ದಿನ ನಿಂತ ಲಾರಿಯ ಪತ್ರವು ಅಲ್ಲೇ ಸಾಯುತ್ತದೆ. ಅವಧಿ ಮುಗಿಯುವ ಎಂಟು ಗಂಟೆ ಮುಂಚೆ ಅಥವಾ ಮುಗಿದ ಎಂಟು ಗಂಟೆಯೊಳಗೆ ಅದನ್ನು ವಿಸ್ತರಿಸಲು ಅವಕಾಶವಿದೆಯಾದರೂ, ಮೊಬೈಲಿಗೆ ಸಿಗ್ನಲ್ ಸಿಗದ ಕಾಡಿನಲ್ಲಿ ನಿಂತ ಚಾಲಕನು ಆ ಸುದ್ದಿಯನ್ನು ಆಫೀಸಿಗೆ ಮುಟ್ಟಿಸಬೇಕು, ಆಫೀಸಿನವರು ಎಚ್ಚರವಾಗಿರಬೇಕು. ಪತ್ರ ಸರಿಯಿಲ್ಲದೆ ಸಿಕ್ಕಿಬಿದ್ದ ಸರಕಿಗೆ, ಒಡೆಯನು ಮುಂದೆ ಬಂದು ಬಿಡಿಸಿಕೊಂಡರೂ, ತೆರಿಗೆಯ ಎರಡು ಪಟ್ಟು ದಂಡ. ಒಡೆಯನು ಬಾರದಿದ್ದಲ್ಲಿ ಸಾಗಣೆದಾರನು ತನ್ನ ಗಾಡಿಯನ್ನು ಬಿಡಿಸಿಕೊಳ್ಳಲು ಆ ದಂಡವನ್ನೋ ಒಂದು ಲಕ್ಷ ರೂಪಾಯಿಯನ್ನೋ, ಎರಡರಲ್ಲಿ ಕಡಿಮೆಯದನ್ನು ಕಟ್ಟಬೇಕು. ಸರಕು ಯಾರದೋ, ತೆರಿಗೆ ಯಾರದೋ, ರಸ್ತೆ ಬದಿಯಲ್ಲಿ ನಿಲ್ಲುವ ಗಾಡಿ ಮಾತ್ರ ಸಾಗಣೆದಾರನದು.

ಘಾಟಿಯ ಇಳಿಜಾರು ಅಧಿಕ ಭಾರದ ಅಪಾಯವನ್ನೂ ಬಯಲಿಗೆಳೆಯುತ್ತದೆ. 2018ರ ಪರಿಷ್ಕರಣೆಯ ನಂತರ ಮೂರು ಆ್ಯಕ್ಸಲಿನ ಲಾರಿಯು ತನ್ನ ತೂಕವೂ ಸೇರಿ 28.5 ಟನ್ ಇರಬಹುದು. ಮೊದಲು ಈ ಮಿತಿ 25 ಟನ್ ಇತ್ತು. ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಸಕಲೇಶಪುರದಿಂದ ಅಂಥ ಲಾರಿಯೊಂದು ಸುಮಾರು 800 ಮೀಟರ್ ಕೆಳಕ್ಕೆ ಇಳಿಯುವಾಗ ಕಳೆದುಕೊಳ್ಳಬೇಕಾದ ಶಕ್ತಿ, ಸ್ಥೂಲವಾಗಿ ಲೆಕ್ಕ ಹಾಕಿದರೆ, 700 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕಾಗುವಷ್ಟು. ಕೆಳಗಿನ ಗೇರಿನಲ್ಲಿ ಇಳಿಸಿದರೆ ಈ ಶಕ್ತಿಯ ಬಹುಭಾಗವನ್ನು ಎಂಜಿನ್ನೇ ಹೀರಿಕೊಂಡು ಗಾಡಿಯನ್ನು ಹಿಡಿದಿಡುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿ ಇಳಿಸಿದರೆ ಆ ಶಾಖವೆಲ್ಲ ಬ್ರೇಕ್ ಡ್ರಮ್ಮುಗಳ ಮೇಲೆ ಬೀಳುತ್ತದೆ. ಅತಿಯಾಗಿ ಕಾದ ಡ್ರಮ್ಮು ಹಿಗ್ಗಿ, ಲೈನರಿನ ಹಿಡಿತ ಸಡಿಲವಾಗಿ, ಪೆಡಲನ್ನು ಎಷ್ಟು ತುಳಿದರೂ ಗಾಡಿ ನಿಲ್ಲುವುದಿಲ್ಲ. ಮಿತಿ ಮೀರಿದ ಪ್ರತಿ ಟನ್ನೂ ಈ ಶಾಖಕ್ಕೆ ಸೇರುತ್ತದೆ. 2019ರ ತಿದ್ದುಪಡಿಯ ಪ್ರಕಾರ ಅಧಿಕ ಭಾರಕ್ಕೆ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದ್ದು, ಓಡಿಸಿದವನ ಜೊತೆಗೆ ಓಡಿಸಲು ಕಾರಣನಾದವನನ್ನೂ ಕಾಯ್ದೆ ಒಳಗೊಳ್ಳುತ್ತದೆ. ಹೀಗಿದ್ದರೂ ಹೆಚ್ಚು ತುಂಬಿಸಿ ಕಳಿಸಿದ ಕಾರ್ಖಾನೆಯ ಗೇಟಿನವರೆಗೆ ತನಿಖೆ ಹೋಗುವುದು ವಿರಳ. ಹೆಚ್ಚು ತುಂಬದವನಿಗೆ ಲೋಡು ಸಿಗದಂಥ ಪೈಪೋಟಿಯಲ್ಲಿ ಇದನ್ನು ಚಾಲಕನ ದುರಾಸೆ ಎಂದು ಬಗೆಹರಿಸಿಬಿಡುವುದು ಅನ್ಯಾಯ.

ಕಳವಿನ ಅಪಾಯವು ಸರಕಿನ ಪೇಟೆಬೆಲೆಯನ್ನು ನೆರಳಿನಂತೆ ಹಿಂಬಾಲಿಸುತ್ತದೆ. 2023ರ ಜುಲೈನಲ್ಲಿ ಟೊಮೇಟೊ ಬೆಲೆ ಕಂಡರಿಯದಷ್ಟು ಏರಿದಾಗ ಕೋಲಾರದಿಂದ ಜೈಪುರಕ್ಕೆ ಹೊರಟ ಟೊಮೇಟೊ ಲಾರಿಯೊಂದು ಸೇರಬೇಕಾದ ಊರು ಸೇರದೆ ಸುದ್ದಿಯಾಯಿತು. ಬೇರೆ ದಿನಗಳಲ್ಲಿ ರಸ್ತೆ ಬದಿಗೆ ಸುರಿದರೂ ಕೇಳುವವರಿಲ್ಲದ ಹಣ್ಣು ಅದು. ನಕಲಿ ನಂಬರ್ ಪ್ಲೇಟು, ನಕಲಿ ಆರ್‌ಸಿ ಇಟ್ಟುಕೊಂಡು ಬ್ರೋಕರನ ಮೂಲಕ ಲೋಡು ಪಡೆದು ಮಾಯವಾಗುವ ವಂಚನೆಯೂ ಇದೆ. ಫೋನಿನಲ್ಲೇ ಲೋಡು ಗೊತ್ತಾಗುವ ಈ ಕಾಲದಲ್ಲಿ ಗಾಡಿಯ ಚಾಸಿ ನಂಬರನ್ನು ಆರ್‌ಸಿಯೊಡನೆ ತಾಳೆ ನೋಡುವ ಐದು ನಿಮಿಷದ ಕೆಲಸ ತಪ್ಪಿಹೋಗುತ್ತಿದೆ.

ಅಪಘಾತದಲ್ಲಿ ದಾರಿಹೋಕರು ಸತ್ತಾಗ ಅಥವಾ ಗಾಯಗೊಂಡಾಗ ಮೂರನೆಯವರ ವಿಮೆಯು, ಅಂದರೆ ಗಾಡಿಯವರೂ ಅಲ್ಲದ ವಿಮೆಯವರೂ ಅಲ್ಲದ ಸಾರ್ವಜನಿಕರಿಗಾಗಿ ಇರುವ ಕಡ್ಡಾಯ ವಿಮೆಯು, ಪರಿಹಾರ ಕೊಡುತ್ತದೆ. ಆದರೆ ಚಾಲಕನ ಪರವಾನಗಿ ಊರ್ಜಿತವಾಗಿಲ್ಲದಂಥ ಲೋಪ ಕಂಡುಬಂದರೆ, ನ್ಯಾಯಾಲಯಗಳು ವಿಮಾ ಕಂಪನಿಯಿಂದ ಸಂತ್ರಸ್ತರಿಗೆ ಹಣ ಕೊಡಿಸಿ, ಬಳಿಕ ಅದನ್ನು ಗಾಡಿಯ ಮಾಲೀಕನಿಂದ ವಸೂಲು ಮಾಡಿಕೊಳ್ಳಲು ಬಿಡುತ್ತವೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 4,61,312 ಅಪಘಾತಗಳಾಗಿ 1,68,491 ಜನ ಪ್ರಾಣ ಕಳೆದುಕೊಂಡರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ನವೀಕರಣದ ದಿನಾಂಕ ಮರೆತ ಒಂದು ಲೈಸೆನ್ಸಿನಿಂದ ಮನೆ, ಜಮೀನು ಎರಡೂ ಹೋಗಬಹುದೆಂಬುದು ಒಂದು ಲಾರಿಯ ಮಾಲೀಕನ ಮಟ್ಟಿಗೆ ದಿಟವಾದ ಮಾತು.

ಸಮುದ್ರ ದಾಟುವ ಸರಕಿಗೆ ಬೇರೆಯದೇ ಸಂಪ್ರದಾಯಗಳಿವೆ. 2021ರ ಮಾರ್ಚ್ 23ರಂದು ಎವರ್ ಗಿವನ್ ಎಂಬ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡು ಆರು ದಿನ ಜಗತ್ತಿನ ವ್ಯಾಪಾರವನ್ನು ತಡೆದ ಬಳಿಕ, ಅದರ ಮಾಲೀಕರು ‘ಸಾಮಾನ್ಯ ಸರಾಸರಿ’ಯನ್ನು ಘೋಷಿಸಿದರು. ಹಡಗನ್ನೂ ಸರಕನ್ನೂ ಒಟ್ಟಾಗಿ ಉಳಿಸಲು ತಗಲಿದ ವೆಚ್ಚವನ್ನು ಹಡಗಿನವರು ಮತ್ತು ಸರಕಿನ ಎಲ್ಲ ಒಡೆಯರು ತಮ್ಮ ತಮ್ಮ ಪಾಲಿನ ಮೌಲ್ಯಕ್ಕೆ ಅನುಗುಣವಾಗಿ ಹಂಚಿಕೊಳ್ಳಬೇಕೆಂಬ ಪ್ರಾಚೀನ ನಿಯಮವಿದು. ಇದರಿಂದಾಗಿ, ತನ್ನ ಪೆಟ್ಟಿಗೆಗೆ ಗೀರೂ ಬೀಳದ ಸಣ್ಣ ಆಮದುದಾರನೂ ಸರಕು ಬಿಡಿಸಿಕೊಳ್ಳಲು ಭದ್ರತೆ ಒದಗಿಸಬೇಕಾಯಿತು. ನಷ್ಟವನ್ನು ಎಲ್ಲರೂ ಬಹಿರಂಗವಾಗಿ ಹಂಚಿಕೊಳ್ಳುವ ಈ ಪದ್ಧತಿಯಲ್ಲಿ ಒಂದು ನ್ಯಾಯವಿದೆ. ರಸ್ತೆ ಸಾಗಣೆಯಲ್ಲಿ ಇದಕ್ಕೆ ಸಮನಾದುದು ಬೆಳೆದಿಲ್ಲ. 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೂತಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಆರಂಭಿಸಿದಾಗ ಯೂರೋಪಿಗೆ ಹೋಗುವ ಹಡಗುಗಳು ಆಫ್ರಿಕಾದ ತುದಿಯನ್ನು ಬಳಸಿ ಹೋಗತೊಡಗಿದವು; ಇಟಲಿ, ಜರ್ಮನಿಗಳಿಗೆ ಹೊರಟ ಕೊಡಗು, ಚಿಕ್ಕಮಗಳೂರುಗಳ ಕಾಫಿಯೂ ಹೆಚ್ಚು ಬಾಡಿಗೆ ತೆತ್ತು, ಹತ್ತು ದಿನದಿಂದ ಎರಡು ವಾರ ತಡವಾಗಿ ತಲುಪುವಂತಾಯಿತು.

ಕಂಟೇನರಿನೊಳಗೆ ಏನಿದೆಯೆಂಬುದು ಸಾಗಿಸುವವನಿಗೆ ಗೊತ್ತಾಗುವುದು ಕಾಗದದಿಂದ ಮಾತ್ರ. 2025ರ ಮೇ 25ರಂದು ಕೇರಳದ ಕರಾವಳಿಯಲ್ಲಿ ಮುಳುಗಿದ ಎಂಎಸ್‌ಸಿ ಎಲ್ಸಾ 3 ಹಡಗಿನ 640 ಕಂಟೇನರುಗಳಲ್ಲಿ 13 ಅಪಾಯಕಾರಿ ಸರಕಿನವು. ನೀರು ತಗುಲಿದರೆ ಉರಿಯುವ ಅನಿಲ ಬಿಡುವ ಕ್ಯಾಲ್ಸಿಯಂ ಕಾರ್ಬೈಡ್ ಕೂಡ ಹಡಗಿನಲ್ಲಿತ್ತು. ಎರಡು ವಾರದ ಬಳಿಕ ಅದೇ ಕರಾವಳಿಯಾಚೆ ವಾನ್ ಹೈ 503 ಎಂಬ ಹಡಗಿನಲ್ಲಿ ಬೆಂಕಿ ಹೊತ್ತಿಕೊಂಡಾಗ, 22 ಸಿಬ್ಬಂದಿಯಲ್ಲಿ ಬದುಕುಳಿದ 18 ಮಂದಿಯನ್ನು ನೌಕಾಪಡೆಯು ಮಂಗಳೂರಿಗೆ ತಂದಿತು.

ಗಣಕಯಂತ್ರದ ಮೂಲಕ ಬರುವ ಅಪಾಯಕ್ಕೆ ದಾರಿಯೂ ದೂರವೂ ಅಡ್ಡಿಯಲ್ಲ. 2017ರ ಜೂನಿನಲ್ಲಿ ನಾಟ್‌ಪೆಟ್ಯಾ ಎಂಬ ಕುತಂತ್ರಾಂಶವು ಮೇರ್ಸ್ಕ್ ಹಡಗು ಸಂಸ್ಥೆಯ ಗಣಕಜಾಲವನ್ನು ನೆಲಸಮ ಮಾಡಿದಾಗ, ನವಿ ಮುಂಬೈನ ಜವಾಹರಲಾಲ್ ನೆಹರು ಬಂದರಿನ ಒಂದು ಟರ್ಮಿನಲ್ ಕೂಡ ಸ್ತಬ್ಧವಾಯಿತು. ಸಂಸ್ಥೆಯು ತನ್ನ ನಷ್ಟವನ್ನು 25ರಿಂದ 30 ಕೋಟಿ ಡಾಲರ್ ಎಂದು ಅಂದಾಜಿಸಿತು. ಅಷ್ಟು ದೊಡ್ಡ ಸಂಸ್ಥೆ ತಾಳಿಕೊಂಡಿತು. 2023ರಲ್ಲಿ ಇಂಥದೇ ದಾಳಿಗೆ ಸಿಕ್ಕ, 158 ವರ್ಷದ ಇತಿಹಾಸವಿದ್ದ ಬ್ರಿಟನ್ನಿನ ಕೆಎನ್‌ಪಿ ಲಾರಿ ಕಂಪನಿ ಮುಚ್ಚಿಹೋಗಿ ಸುಮಾರು 700 ಜನ ಕೆಲಸ ಕಳೆದುಕೊಂಡರು. ಸುಲಭವಾಗಿ ಊಹಿಸಬಹುದಾಗಿದ್ದ ಒಂದು ಪಾಸ್‌ವರ್ಡಿನಿಂದ ದಾಳಿಕೋರರು ಒಳನುಗ್ಗಿದರೆಂದು ನಂಬಲಾಗಿದೆ.

ಇಷ್ಟೆಲ್ಲ ಅಪಾಯಗಳ ತುತ್ತತುದಿಯಲ್ಲಿ ಕುಳಿತವನು ಚಾಲಕ. ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಮೀರಿ ದುಡಿಸಬಾರದೆಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು, ಆದರೆ ಅದು ಅನ್ವಯಿಸಿದ್ದು ಐವರು ಅಥವಾ ಹೆಚ್ಚು ಕಾರ್ಮಿಕರಿದ್ದ ಸಂಸ್ಥೆಗಳಿಗೆ. ಒಂದೆರಡು ಲಾರಿಯವರ ಬಳಿ ದುಡಿಯುವ ಅಸಂಖ್ಯ ಚಾಲಕರು ಅದರ ಹೊರಗೇ ಉಳಿದರು. 2024ರ ಜನವರಿ 1 ಮತ್ತು 2ರಂದು ದೇಶದ ಹಲವೆಡೆ ಚಾಲಕರು ಲಾರಿ ನಿಲ್ಲಿಸಿದ್ದು, ಅಪಘಾತದಲ್ಲಿ ಸಾವಾದಾಗ ಪೊಲೀಸರಿಗೆ ತಿಳಿಸದೆ ಸ್ಥಳ ಬಿಟ್ಟವರಿಗೆ ಹತ್ತು ವರ್ಷದವರೆಗೆ ಸಜೆ ವಿಧಿಸುವ ಭಾರತೀಯ ನ್ಯಾಯ ಸಂಹಿತೆಯ ಉಪಬಂಧದ ವಿರುದ್ಧ. ಗಾಯಾಳುವನ್ನು ಬಿಟ್ಟು ಹೋಗುವುದು ಸಮರ್ಥನೀಯವಲ್ಲ. ನಿಂತರೆ ಜನ ಬಡಿದು ಕೊಂದಾರೆಂಬ ಅವರ ಭಯವೂ ಸುಳ್ಳಲ್ಲ. ಆ ವರ್ಷದ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಉಪಬಂಧವನ್ನು ಮಾತ್ರ ತಡೆಹಿಡಿಯಲಾಯಿತು. ಹೊಸದಾಗಿ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿರುವುದು ಒಳ್ಳೆಯ ಹೆಜ್ಜೆಯೇ, ಆದರೆ ಗಾಡಿ ನಿಲ್ಲಿಸಿ ನಾಲ್ಕು ಗಂಟೆ ಕಣ್ಣು ಮುಚ್ಚಲು ಸುರಕ್ಷಿತವಾದ ಜಾಗ ಹೆದ್ದಾರಿಗಳಲ್ಲಿ ಇನ್ನೂ ವಿರಳವಾಗಿದೆ. ಚಹಾದ ಗೂಡಂಗಡಿ ಕಂಡಲ್ಲಿ, ರಸ್ತೆಯ ಅಂಚು ಒಂದಿಷ್ಟು ಅಗಲವಾಗಿರುವಲ್ಲಿ ಚಾಲಕರು ಗಾಡಿ ನಿಲ್ಲಿಸಿಕೊಳ್ಳುತ್ತಾರೆ.

ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ರಾಷ್ಟ್ರೀಯ ಹೆದ್ದಾರಿ 66ರ ಮಗ್ಗುಲಿಗೆ, ಒಂದು ಕಡೆ ಹೆದ್ದಾರಿಗಾಗಿ ಕಡಿದ ಗುಡ್ಡವೂ ಇನ್ನೊಂದು ಕಡೆ ಗಂಗಾವಳಿ ನದಿಯೂ ಇರುವಲ್ಲಿ, ಅಂಥದೊಂದು ಜಾಗವಿತ್ತು. 2024ರ ಜುಲೈ 16ರ ಬೆಳಿಗ್ಗೆ ಆ ಗುಡ್ಡ ಕುಸಿದು, ಚಹಾದಂಗಡಿಯನ್ನೂ, ಅದನ್ನು ನಡೆಸುತ್ತಿದ್ದ ಕುಟುಂಬವನ್ನೂ, ಅಲ್ಲಿ ನಿಂತಿದ್ದ ಗಾಡಿಗಳನ್ನೂ ನದಿಗೆ ತಳ್ಳಿತು. ನಾಟಾ ಹೇರಿಕೊಂಡು ಕೇರಳಕ್ಕೆ ಹೊರಟಿದ್ದ ಒಂದು ಲಾರಿ ಅವುಗಳಲ್ಲಿತ್ತು. ಮಳೆಯ ಸೆಳೆತದಲ್ಲಿ ಹುಡುಕಾಟ ಹಲವು ಬಾರಿ ನಿಂತು, ಹಲವು ಬಾರಿ ಮೊದಲಾಯಿತು. ಗೋವಾದಿಂದ ಡ್ರೆಜರ್ ತರಿಸಿ ನದಿಯ ತಳದ ಮಣ್ಣು ತೆಗೆದ ಮೇಲೆ, ಸೆಪ್ಟೆಂಬರ್ 25ರಂದು ಲಾರಿ ಸಿಕ್ಕಿತು. ಚಾಲಕನ ದೇಹ ಅದರ ಕ್ಯಾಬಿನ್ನಿನಲ್ಲೇ ಇತ್ತು.